ಯಂತ್ರಕ್ಕೆ ಹಿಮ್ಮೇಳದಲ್ಲಿ ಜಾಗ



ಊರಿನಿಂದ ನೆಂಟರು ಬಂದಿಳಿದರೆ ಹೈದರಾಬಾದಿನ ಕನ್ನಡ ಮನೆಗಳಲ್ಲಿ ಒಂದು ವಾಡಿಕೆಯ ಸುತ್ತಾಟವಿದೆ. ಬೆಳಿಗ್ಗೆ ಚಾರ್‌ಮಿನಾರ್, ಪಕ್ಕದ ಲಾಡ್ ಬಜಾರಿನಲ್ಲಿ ಬಳೆ. ಮಧ್ಯಾಹ್ನ ಸಾಲಾರ್‌ಜಂಗ್ ಮ್ಯೂಸಿಯಂ. ಸಂಜೆ ಗೋಲ್ಕೊಂಡದ ಸೌಂಡ್ ಅಂಡ್ ಲೈಟ್ ಷೋ. ಒಮ್ಮೆ ನಾನೂ ಹಾಗೆ ನೆಂಟನಾಗಿ ಹೋಗಿದ್ದೆ. ಕತ್ತಲಾಯಿತು, ಸೊಳ್ಳೆ ಬಂದವು, ಆಮೇಲೆ ಧ್ವನಿವರ್ಧಕದಲ್ಲಿ ಕುತುಬ್‌ಶಾಹಿಗಳ ಕಥೆ ಶುರುವಾಯಿತು. ನರ್ತಕಿ ತಾರಾಮತಿಯ ಪ್ರಸಂಗ ಬಂದಾಗ ನನ್ನ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಕೋಟೆಯ ಕಡೆ ಕತ್ತು ಚಾಚಿ ಮೊಮ್ಮಗನನ್ನು ಕೇಳಿದರು: "ಎಲ್ಲ್ಯೊ ಆಕಿ? ಎಲ್ಲಿ ಕುಣ್ಯಾಕತ್ತಾಳ?" ಹುಡುಗ ಹೇಳಿದ: "ಆಕಿ ಇಲ್ಲಬೇ, ಬರೇ ಲೈಟ್ ಅದ."

ಹೈದರಾಬಾದಿನ ಕಾಚಿಗೂಡದ ಕನ್ನಡಿಗರಾದ ನಿಮ್ಮ ಮುಂದಿನ ಈ ಉಪನ್ಯಾಸಕ್ಕೆ ವಿಷಯ ಕೊಟ್ಟವನು ಆ ಹುಡುಗ. ನೃತ್ಯ ಮತ್ತು ಡಿಜಿಟಲ್ ತಂತ್ರಜ್ಞಾನದ ಬಗ್ಗೆ ಮಾತಾಡಿ ಎಂದು ಸಂಘಟಕರು ಕೇಳಿದಾಗ ಮೊದಲು ನೆನಪಾದದ್ದು ಅವನ ಮಾತೇ. ಕುಣಿಯುವವಳನ್ನು ಕಳಿಸಿ ಲೈಟನ್ನು ಮಾತ್ರ ಇಟ್ಟುಕೊಳ್ಳುವುದು ಒಂದು ದಾರಿ. ಕುಣಿಯುವವಳೂ ಇರಬೇಕು, ಲೈಟೂ ಇರಬೇಕು, ಇಬ್ಬರಿಗೂ ಒಂದೇ ತಾಳ ಗೊತ್ತಿರಬೇಕು ಎಂದು ಹಟ ಹಿಡಿಯುವುದು ಇನ್ನೊಂದು. ಈ ಎರಡನೆಯ ಹಟದ ಒಂದು ದೊಡ್ಡ ಪ್ರಯೋಗ ನಡೆದದ್ದು ನಮ್ಮ ಬೆಂಗಳೂರಿನಲ್ಲಿ.

1992ರಲ್ಲಿ ಬೇರೆ ಬೇರೆ ಕ್ಷೇತ್ರದ ಕೆಲವು ಕಲಾವಿದರು ಸೇರಿ ಕಟ್ಟಿದ ಸಂಸ್ಥೆ ಆಟ್ಟಕ್ಕಳರಿ. ಹೆಸರು ಮಲಯಾಳದ್ದು, ಆದರೂ ನಮಗೆ ಪರಕೀಯವಲ್ಲ. ಆಟ್ಟಂ ಎಂದರೆ ಕುಣಿತ, ಕಳರಿ ಎಂದರೆ ಗರಡಿ. ನಮ್ಮ ಕರಾವಳಿಯವರು ಯಕ್ಷಗಾನಕ್ಕೆ ಇಂದಿಗೂ 'ಆಟ' ಎನ್ನುತ್ತಾರೆ. ನಿಮ್ಮಲ್ಲಿ ಹಲವರ ಮೂಲವಾದ ರಾಯಚೂರು, ಬಳ್ಳಾರಿ ಕಡೆ ಬಯಲಾಟ, ದೊಡ್ಡಾಟ. ಆದ್ದರಿಂದ 'ಆಟದ ಗರಡಿ' ಎಂದುಬಿಟ್ಟರೆ ಅನುವಾದ ಮುಗಿಯಿತು. ಈ ಸಂಸ್ಥೆಯನ್ನು ಕಲಾನಿರ್ದೇಶಕರಾಗಿ ಬೆಳೆಸಿದವರು ಜಯಚಂದ್ರನ್ ಪಾಲಾಳಿ. ಭರತನಾಟ್ಯ, ಕಥಕಳಿ, ಕಳರಿಪಯಟ್ಟುಗಳಲ್ಲಿ ಮೈ ಪಳಗಿಸಿಕೊಂಡು, ಲಂಡನ್ನಿನಲ್ಲಿ ಸಮಕಾಲೀನ ನೃತ್ಯ ಕಲಿತು ಬಂದವರು. 2000ರಿಂದ ಎರಡು ವರ್ಷಕ್ಕೊಮ್ಮೆ ಬೆಂಗಳೂರಿನಲ್ಲಿ ಸಮಕಾಲೀನ ನೃತ್ಯದ ಉತ್ಸವವೊಂದು ನೆಲೆಯೂರಿದ್ದೂ ಈ ಗರಡಿಯಿಂದಲೇ.

ಪಾಲಾಳಿಯವರ 'ಪುರುಷಾರ್ಥ' ನೃತ್ಯದಲ್ಲಿ ಜಪಾನಿನ ಕುನಿಹಿಕೊ ಮತ್ಸುಓ ಡಿಜಿಟಲ್ ದೃಶ್ಯಗಳನ್ನೂ ಮಿತ್ಸುಆಕಿ ಮತ್ಸುಮೊತೊ ಧ್ವನಿಯನ್ನೂ ಹೆಣೆದರು. ತಮಿಳಿನ ಶಿಲಪ್ಪದಿಕಾರಂ ಕಾವ್ಯದಿಂದ ಹುಟ್ಟಿದ 'ಕ್ರೋನೋಟೋಪಿಯಾ'ದಲ್ಲಿ ಜರ್ಮನಿಯ ಮಾಧ್ಯಮ ಕಲಾವಿದ ಕ್ರಿಸ್ ಜೀಗ್ಲರ್ ಜೊತೆಯಾದರು. ಧರ್ಮ, ಅರ್ಥ, ಕಾಮ, ಮೋಕ್ಷ ಎಂಬ ನಾಲ್ಕು ಮಾತನ್ನು, ಕಣ್ಣಗಿಯ ಕಾಲಂದಿಗೆಯ ಕಥೆಯನ್ನು ಕಂಪ್ಯೂಟರ್ ಬಲ್ಲ ವಿದೇಶಿಯ ಮುಂದಿಟ್ಟು "ಇದಕ್ಕೆ ಬೆಳಕು ಹೊಂದಿಸು" ಎನ್ನುವುದಕ್ಕೆ ಸ್ವಲ್ಪ ಎದೆಗಾರಿಕೆ ಬೇಕು. ಈ ಜೀಗ್ಲರ್ ಕೂಡ ಸಾಮಾನ್ಯರಲ್ಲ. ನೃತ್ಯ ಸಂಯೋಜಕ ವಿಲಿಯಂ ಫೋರ್ಸೈಥ್ ತಮ್ಮ ಚಲನೆಯ ವ್ಯಾಕರಣವನ್ನು ಸಿ.ಡಿ. ರೂಪದಲ್ಲಿ ತಂದಾಗ ಅದರ ಹಿಂದೆ ಕೆಲಸ ಮಾಡಿದವರಲ್ಲಿ ಜೀಗ್ಲರ್ ಒಬ್ಬರು. 1999ರಲ್ಲಿ ಪ್ರಕಟವಾದ ಆ ಸಿ.ಡಿ.ಯಲ್ಲಿ ಫೋರ್ಸೈಥ್ ಕೈ ಬೀಸಿದರೆ ಗಾಳಿಯಲ್ಲಿ ಒಂದು ಬಿಳಿಗೆರೆ ಉಳಿಯುತ್ತದೆ, ಮೊಣಕೈ ಮಡಚಿದರೆ ಗೆರೆಯೂ ಮಡಚುತ್ತದೆ. ಅಂಗಳದಲ್ಲಿ ರಂಗೋಲಿ ಎಳೆಯುವ ಕೈ ಎತ್ತಿಕೊಂಡ ಮೇಲೂ ಗೆರೆ ನಿಂತಿರುತ್ತದಲ್ಲ, ಹಾಗೆ.

ಇಷ್ಟು ಹೇಳಿದ ಕೂಡಲೇ ಸಭೆಯಲ್ಲಿ ಒಬ್ಬರಾದರೂ "ಇದೆಲ್ಲ ನಮ್ಮ ಸಂಪ್ರದಾಯಕ್ಕೆ ಸಲ್ಲುತ್ತದೆಯೇ?" ಎಂದು ಕೇಳುತ್ತಾರೆ. ಹಾಗೆ ಕೇಳುವವರಿಗಾಗಿ ನಾನು ದೊಂದಿಯ ಕಥೆ ಇಟ್ಟುಕೊಂಡಿದ್ದೇನೆ.

ಯಕ್ಷಗಾನದ ಕಿರೀಟವನ್ನು ಹಗಲು ಬೆಳಕಿನಲ್ಲಿ ಕೈಯಲ್ಲಿ ಹಿಡಿದು ನೋಡಿ. ಹಗುರ ಮರ, ಅದರ ಮೇಲೆ ಬೇಗಡೆ, ಅಲ್ಲಲ್ಲಿ ಕನ್ನಡಿ ಚೂರು. ಜಾತ್ರೆಯ ಆಟಿಕೆಯಂತೆ ಕಾಣುತ್ತದೆ. ಅದನ್ನೇ ದೊಂದಿಯ ಬೆಳಕಿಗೆ ತನ್ನಿ. ಜ್ವಾಲೆ ಒಂದು ಕ್ಷಣವೂ ನಿಲ್ಲುವುದಿಲ್ಲ, ಆದ್ದರಿಂದ ಬೇಗಡೆಯೂ ನಿಲ್ಲುವುದಿಲ್ಲ. ವೇಷಧಾರಿ ತಲೆ ಆಡಿಸದಿದ್ದರೂ ಕಿರೀಟ ಉಸಿರಾಡುತ್ತದೆ. ಬಣ್ಣದ ವೇಷದ ಮುಖಕ್ಕೆ ಅಕ್ಕಿಹಿಟ್ಟು, ಸುಣ್ಣ ಕಲಸಿ ಗಂಟೆಗಟ್ಟಲೆ ಕೂತು ಇಡುವ ಚಿಟ್ಟಿ ಇದೆಯಲ್ಲ, ಅದರ ಒಂದೊಂದು ಮುಳ್ಳಿಗೂ ಆ ಬೆಳಕಿನಲ್ಲಿ ಒಂದೊಂದು ನೆರಳು. ದೊಂದಿ ಹಿಡಿದವನು ರಾಳದ ಪುಡಿ ಎರಚಿದಾಗ ಬೆಂಕಿ ಭಗ್ಗೆಂದು ಏಳುತ್ತದೆ. ಆದರೆ ಅದು ಏಳಬೇಕಾದದ್ದು ಚೆಂಡೆಯ ಪೆಟ್ಟಿಗೆ, ಹಿಂದಲ್ಲ, ಮುಂದಲ್ಲ. ದೊಂದಿ ಹಿಡಿಯುವವನಿಗೆ ಸಂಬಳ ಕಡಿಮೆಯಿದ್ದೀತು, ತಾಳಜ್ಞಾನ ಕಡಿಮೆಯಿದ್ದರೆ ಆಟ ಕೆಡುತ್ತಿತ್ತು.

ಆಮೇಲೆ ಗ್ಯಾಸ್‌ಲೈಟ್ ಬಂತು, ಅದರ ಹಿಂದೆ ವಿದ್ಯುತ್ತು. ಬೆಳಕು ಸ್ಥಿರವಾಯಿತು, ಬೇಗಡೆಯ ಉಸಿರು ನಿಂತಿತು, ವೇಷಧಾರಿ ತಾನೇ ಹೆಚ್ಚು ಚಲಿಸಬೇಕಾಯಿತು. ಮೈಕು ಬಂದ ಮೇಲೆ ಭಾಗವತರು ಗದ್ದೆಯ ಆಚೆ ತುದಿಗೆ ಕೇಳಿಸಲೆಂದು ಏರು ಶ್ರುತಿಯಲ್ಲಿ ಹಾಡಬೇಕಾದ ಒತ್ತಡ ಇಳಿಯಿತು, ಹಾಡಿಕೆಯಲ್ಲಿ ನಯ ಬಂತು, ಕೆಲವರ ಪ್ರಕಾರ ಹಳೆಯ ಗಟ್ಟಿತನ ಹೋಯಿತು. ಶಿವರಾಮ ಕಾರಂತರು ಯಕ್ಷಗಾನ ಬ್ಯಾಲೆಗೆ ಪಿಟೀಲು, ಸ್ಯಾಕ್ಸೊಫೋನ್ ತಂದಾಗ ಎದ್ದ ಗದ್ದಲ ನಿಮಗೆಲ್ಲ ಗೊತ್ತು. ಕಂಪನಿ ನಾಟಕದ ಟ್ರಿಕ್ ಸೀನುಗಳ, ಗುಬ್ಬಿ ವೀರಣ್ಣನವರು 'ಕುರುಕ್ಷೇತ್ರ'ಕ್ಕೆ ಆನೆ ಕುದುರೆ ತಂದ ಸುದ್ದಿಯನ್ನು ನಾನು ಇಲ್ಲಿ ಬಿಚ್ಚುವುದಿಲ್ಲ, ರಾತ್ರಿಯಾದೀತು. ಹೇಳಬೇಕಾದದ್ದು ಇಷ್ಟೇ: ಬೆಳಕು ಬದಲಾದಾಗಲೆಲ್ಲ ನಮ್ಮ ಕುಣಿತದ ಮೈ ಬದಲಾಗಿದೆ. ತಂತ್ರಜ್ಞಾನ ಮುಟ್ಟದ ಶುದ್ಧ ಆಟ ಎಂಬುದೊಂದು ಇದ್ದಿದ್ದರೆ ಅದು ಬೆಂಕಿ ಕಂಡುಹಿಡಿಯುವ ಮುಂಚೆ ನಡೆದಿರಬೇಕು.

ಪರದೆಯ ಮೇಲಿನ ನೆರಳು ಮತ್ತು ಜೀವಂತ ಮೈ ಇವೆರಡನ್ನು ಬೆರೆಸುವ ಆಸೆಯೂ ಹೊಸದಲ್ಲ. 1948ರಲ್ಲಿ 'ಕಲ್ಪನಾ' ಚಿತ್ರ ಮಾಡಿದ ನರ್ತಕ ಉದಯ್ ಶಂಕರ್, ಇಳಿವಯಸ್ಸಿನಲ್ಲಿ, 1970ರಲ್ಲಿ, ಕಲ್ಕತ್ತೆಯಲ್ಲಿ 'ಶಂಕರ್‌ಸ್ಕೋಪ್' ಎಂಬ ಪ್ರಯೋಗ ಮಾಡಿ ಸಿನಿಮಾವನ್ನೂ ರಂಗದ ಕಲಾವಿದರನ್ನೂ ಒಂದೇ ಆಟದಲ್ಲಿ ಬೆರೆಸಿದರು. ಅವರ ಆಲ್ಮೋರಾ ಕೇಂದ್ರದಲ್ಲಿ ಕುಣಿತ ಕಲಿತ ಹುಡುಗರಲ್ಲಿ ಒಬ್ಬ ಬೆಂಗಳೂರಿನಲ್ಲಿ ಹುಟ್ಟಿದವನು, ಮನೆತನದ ಬೇರು ಕುಂದಾಪುರದ ಕಡೆಯ ಪಡುಕೋಣೆಯದು. ಮುಂದೆ ಜಗತ್ತು ಅವರನ್ನು ಗುರುದತ್ ಎಂದು ಕರೆಯಿತು. 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಖಾಲಿ ಸ್ಟುಡಿಯೋದೊಳಕ್ಕೆ ಕಂಬದಂತೆ ಇಳಿಯುವ ಆ ಬೆಳಕಿನ ಕೋಲನ್ನು ನೆನಪಿಸಿಕೊಳ್ಳಿ. ಅದನ್ನು ಹಿಡಿದ ಛಾಯಾಗ್ರಾಹಕ ನಮ್ಮ ಮೈಸೂರಿನ ವಿ.ಕೆ. ಮೂರ್ತಿ. ದೊಡ್ಡ ದೀಪಗಳಿಂದಲ್ಲ, ಕನ್ನಡಿಗಳಿಂದ ಬಿಸಿಲನ್ನು ತಿರುಗಿಸಿ ಒಳಗೆ ತಂದರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು. ಕುಣಿತ ಕಲಿತ ನಿರ್ದೇಶಕ, ಕನ್ನಡಿ ಬಲ್ಲ ಕ್ಯಾಮೆರಾದವನು. ಆ ದೃಶ್ಯದಲ್ಲಿ ಯಾರೂ ಕುಣಿಯುವುದಿಲ್ಲ, ಆದರೂ ಅದನ್ನು ನಾನು ನೃತ್ಯದ ಲೆಕ್ಕಕ್ಕೇ ಸೇರಿಸುತ್ತೇನೆ.

ಈಗ ಇವತ್ತಿನ ಯಂತ್ರಕ್ಕೆ ಬರೋಣ. ಅದು ಕುಣಿಯುವವರನ್ನು ಹೇಗೆ ನೋಡುತ್ತದೆ?

ಒಂದು ಬಗೆಯಲ್ಲಿ ನರ್ತಕಿಯ ಕೀಲುಗಳಿಗೆಲ್ಲ ಹೊಳೆಯುವ ಸಣ್ಣ ಗುಂಡುಗಳನ್ನು ಅಂಟಿಸುತ್ತಾರೆ. ಸುತ್ತ ಹಲವು ಕ್ಯಾಮೆರಾಗಳು ಕಣ್ಣಿಗೆ ಕಾಣದ ಅತಿಗೆಂಪು ಬೆಳಕು ಚೆಲ್ಲಿ, ಗುಂಡುಗಳ ಹೊಳಪನ್ನು ಮಾತ್ರ ಹಿಡಿದು, ಯಾವ ಗುಂಡು ಎಲ್ಲಿದೆ ಎಂದು ಲೆಕ್ಕ ಹಾಕುತ್ತವೆ. ಸಿನಿಮಾದವರು ಬಳಸುವ ಮೋಷನ್ ಕ್ಯಾಪ್ಚರ್ ಇದು. ಇನ್ನೊಂದು ಬಗೆ ಅಗ್ಗದ್ದು. ಮೈಕ್ರೋಸಾಫ್ಟ್ ಕಂಪನಿ 2010ರಲ್ಲಿ ವಿಡಿಯೋ ಗೇಮಿಗಾಗಿ ಮಾರಿದ ಕಿನೆಕ್ಟ್ ಎಂಬ ಪೆಟ್ಟಿಗೆಯನ್ನು ಲೋಕದ ನೃತ್ಯ ತಂಡಗಳು ಎತ್ತಿಕೊಂಡುಬಿಟ್ಟವು. ಅದು ಎದುರಿನ ಮನುಷ್ಯನನ್ನು 20 ಕೀಲುಗಳ ಕಡ್ಡಿಗೊಂಬೆಯಾಗಿ, ಸೆಕೆಂಡಿಗೆ 30 ಸಲ ಕಾಣುತ್ತಿತ್ತು.

ಈ 20 ಕೀಲಿನ ಮುಂದೆ ಒಂದು ಕ್ಷಣ ನಿಲ್ಲಿ. ಅಂಗೈಗೆ ಅದರಲ್ಲಿ ಒಂದೇ ಚುಕ್ಕಿ. 'ಅಭಿನಯದರ್ಪಣ' ಒಂದೇ ಕೈಯಲ್ಲಿ ಹಿಡಿಯುವ 28 ಹಸ್ತಗಳನ್ನು ಹೇಳುತ್ತದೆ. ಪತಾಕ ಹಿಡಿಯಿರಿ, ಉಂಗುರದ ಬೆರಳು ಮಡಚಿ ತ್ರಿಪತಾಕ ಮಾಡಿ, ಬೆರಳೆಲ್ಲ ಮಡಚಿ ಮುಷ್ಟಿ ಮಾಡಿ, ಆ ಪೆಟ್ಟಿಗೆಗೆ ಎಲ್ಲವೂ ಅದೇ ಒಂದು ಚುಕ್ಕಿ. ಆಶೀರ್ವಾದಕ್ಕೂ ಗುದ್ದಿಗೂ ವ್ಯತ್ಯಾಸ ತಿಳಿಯದ ಪ್ರೇಕ್ಷಕ! ಕಣ್ಣಂತೂ ಅದರ ಲೆಕ್ಕದಲ್ಲೇ ಇಲ್ಲ. ನಂತರದ ಕಿನೆಕ್ಟ್ 25 ಕೀಲು ಕಂಡಿತು, ಹೆಬ್ಬೆರಳನ್ನು ಬೇರೆಯಾಗಿ ಗುರುತಿಸಿತು. ಈಗಿನ ಕ್ಯಾಮೆರಾಗಳು ಬೆರಳುಗಳನ್ನೂ ಎಣಿಸುತ್ತವೆ. ಎಣಿಸಲಿ. ಮೊದಲ ಪ್ರಯೋಗಕಾರರು ಮುದ್ರೆ ಬಿಟ್ಟು ಇಡೀ ಮೈಯ ಬೀಸಿಗೆ ಒಲಿದದ್ದಕ್ಕೆ ಸೌಂದರ್ಯದ ಕಾರಣಗಳನ್ನು ಬಹಳ ಮಂದಿ ಬರೆದಿದ್ದಾರೆ. ಯಂತ್ರಕ್ಕೆ ಅಷ್ಟೇ ಕಾಣಿಸುತ್ತಿತ್ತು ಎಂಬ ಸಾದಾ ಕಾರಣವೂ ಅದರಲ್ಲಿ ಪಾಲುದಾರ ಎಂದು ನನಗನ್ನಿಸುತ್ತದೆ.

ಎರಡನೆಯ ತೊಡಕು ತಾಳದ್ದು. ಮಿನಿಟಿಗೆ 120 ತಟ್ಟಿನ ಲಯ ಇಟ್ಟುಕೊಳ್ಳಿ. ಚತುರಶ್ರ ನಡೆಯಲ್ಲಿ ತಟ್ಟಿಗೆ ತ-ಕ-ಧಿ-ಮಿ ನಾಲ್ಕು ಅಕ್ಷರ, ಅಂದರೆ ಸೆಕೆಂಡಿಗೆ 8. ಕ್ಯಾಮೆರಾ ಸೆಕೆಂಡಿಗೆ 30 ಚಿತ್ರ ಹಿಡಿಯುತ್ತದೆ. ಚಿತ್ರ ಹಿಡಿದು, ಕೀಲು ಹುಡುಕಿ, ಬೆಳಕಾಗಿ ಮಾರ್ಪಡಿಸಿ ಪ್ರೊಜೆಕ್ಟರಿಗೆ ಕಳಿಸುವಷ್ಟರಲ್ಲಿ ನಾಲ್ಕು ಚಿತ್ರದ ಹೊತ್ತು ಕಳೆಯಿತೆನ್ನಿ, 'ತ'ಕ್ಕೆ ಬೀಳಬೇಕಾದ ಬೆಳಕು 'ಕ'ದ ಮೇಲೆ ಬಿತ್ತು. ತಾಳ ಬಲ್ಲ ಪ್ರೇಕ್ಷಕನಿಗೆ ಇದು ಅನ್ನದಲ್ಲಿ ಕಲ್ಲು ಸಿಕ್ಕಂತೆ.

ಮದ್ದಳೆಗಾರನಿಗೆ ಯಾಕೆ ಹೀಗೆ ತಡವಾಗುವುದಿಲ್ಲ? ಅವನ ಕಣ್ಣೂ ವೇಷಧಾರಿಯ ಕಾಲ ಮೇಲೇ ಇರುತ್ತದೆ. ಆದರೆ ಕಾಲು ನೆಲಕ್ಕೆ ಬಿದ್ದದ್ದನ್ನು ಕಂಡು ಬಾರಿಸುವವನಲ್ಲ ಅವನು. ಕಾಲು ಎತ್ತಿದ ರೀತಿಯಿಂದಲೇ ಎಲ್ಲಿ, ಯಾವಾಗ ಬೀಳುತ್ತದೆಂದು ತಿಳಿದಿರುತ್ತಾನೆ. ನೂರು ರಾತ್ರಿ ಜೊತೆಗೆ ಕಳೆದಿರುತ್ತಾನೆ. ಯಂತ್ರ ಬರೀ ನೋಡುತ್ತದೆ, ಮದ್ದಳೆಗಾರ ಬಲ್ಲ. ಆದ್ದರಿಂದ ನನ್ನ ವಾದ ಹೀಗೆ: ಈ ಯಂತ್ರಕ್ಕೆ ನಾವು ಕೊಡಬೇಕಾದ ಜಾಗ ಹಿಮ್ಮೇಳ. ಭಾಗವತರು, ಮದ್ದಳೆ, ಚೆಂಡೆ, ಅವರ ಪಕ್ಕದಲ್ಲಿ ಒಂದು ಕಂಪ್ಯೂಟರ್, ಅದರ ಮುಂದೆ ಪ್ರಸಂಗ ಬಲ್ಲ ಒಬ್ಬ ಮನುಷ್ಯ. ಒಳ್ಳೆಯ ತಂಡಗಳಲ್ಲಿ ಕಂಪ್ಯೂಟರಿನ ಮುಂದೆ ಕೂತವನು ಮೊದಲ ದಿನದ ತಾಲೀಮಿನಿಂದಲೇ ಕುಣಿಯುವವರ ಜೊತೆ ಇರುತ್ತಾನೆ. ಕೆಟ್ಟ ತಂಡಗಳಲ್ಲಿ ಪ್ರದರ್ಶನದ ಮಧ್ಯಾಹ್ನ ಪೆನ್‌ಡ್ರೈವ್ ಹಿಡಿದುಕೊಂಡು ಬರುತ್ತಾನೆ.

ಈ ಮಾತಿಗೆ ಒಪ್ಪದ ದೊಡ್ಡ ಕಲಾವಿದರೂ ಇದ್ದರೆಂದು ಪ್ರಾಮಾಣಿಕವಾಗಿ ಹೇಳಬೇಕು. ಅಮೆರಿಕದ ನೃತ್ಯ ಸಂಯೋಜಕ ಮರ್ಸ್ ಕನಿಂಗ್‌ಹ್ಯಾಮ್ 70ರ ಆಸುಪಾಸಿನಲ್ಲಿ, ಕೀಲುನೋವಿನ ಮೈಯಲ್ಲಿ, ಲೈಫ್ ಫಾರ್ಮ್ಸ್ ಎಂಬ ತಂತ್ರಾಂಶದೊಳಗಿನ ಗೊಂಬೆಗಳನ್ನು ಆಡಿಸುತ್ತ ಹೊಸ ಹೆಜ್ಜೆ ಹುಡುಕಿದವರು. 1999ರ 'ಬೈಪೆಡ್' ನೃತ್ಯಕ್ಕಾಗಿ ಅವರ ಚಲನೆಗಳನ್ನು ನರ್ತಕರ ಮೈಯಿಂದ ಸೆರೆಹಿಡಿದು, ಡಿಜಿಟಲ್ ಕಲಾವಿದರಾದ ಪಾಲ್ ಕೈಸರ್ ಮತ್ತು ಶೆಲ್ಲಿ ಎಶ್ಕರ್ ಅವನ್ನು ಬೆಳಕಿನ ಆಕೃತಿಗಳಾಗಿಸಿ, ರಂಗದ ಮುಂದಿನ ತೆಳು ಪರದೆಯ ಮೇಲೆ ಬಿಟ್ಟರು. ಆ ಆಕೃತಿಗಳು ಕುಣಿಯುವವರನ್ನು ಹಿಂಬಾಲಿಸುವುದಿಲ್ಲ. ಕನಿಂಗ್‌ಹ್ಯಾಮ್‌ಗೆ ಸಂಗೀತವೇ ನೃತ್ಯವನ್ನು ಹಿಂಬಾಲಿಸಬೇಕಾಗಿರಲಿಲ್ಲ. ಒಂದೇ ಹೊತ್ತಿನಲ್ಲಿ, ಒಂದೇ ರಂಗದಲ್ಲಿ, ಅವರವರ ಪಾಡಿಗೆ ಅವರವರು. ಅದು ಅವರ ದರ್ಶನ, ದೊಡ್ಡ ದರ್ಶನವೇ. ತಾಳಕ್ಕೆ ಹೆಜ್ಜೆ ಕಟ್ಟಿಕೊಂಡ ನಮ್ಮ ಆಟಗಳಿಗೆ ಅದು ಹೊಂದುವುದಿಲ್ಲ.

ತಲೆಗೆ ಕನ್ನಡಕದ ಪೆಟ್ಟಿಗೆ ಕಟ್ಟಿಕೊಂಡು ನೃತ್ಯದ 'ಒಳಗೇ' ನಡೆದಾಡುವ ಪ್ರಯೋಗಗಳೂ ನಡೆದಿವೆ. ಸ್ವಿಟ್ಜರ್ಲೆಂಡಿನ ನೃತ್ಯ ಸಂಯೋಜಕ ಜಿಲ್ ಜೊಬಾಂ 2017ರಲ್ಲಿ ಹೀಗೆ ಐದೈದು ಪ್ರೇಕ್ಷಕರನ್ನು ಒಟ್ಟಿಗೆ ಒಳಗೆ ಕಳಿಸಿದರು. ಕೌತುಕದ ಸಂಗತಿ. ಆದರೆ ಯಕ್ಷಗಾನದ ದೇವಿಮಹಾತ್ಮೆ ಪ್ರಸಂಗದ ರಾತ್ರಿ ಮಹಿಷಾಸುರ ರಂಗದ ಹಿಂದಿನಿಂದ ಬರುವುದಿಲ್ಲ, ನಮ್ಮ ಬೆನ್ನ ಹಿಂದಿನಿಂದ, ದೊಂದಿಗಳ ನಡುವೆ, ಪ್ರೇಕ್ಷಕರನ್ನು ಸೀಳಿಕೊಂಡು ಬರುತ್ತಾನೆ. ಚಾಪೆಯ ಮೇಲೆ ಮಲಗಿದ್ದ ಮಕ್ಕಳು ಎದ್ದು ಕಿರುಚುತ್ತವೆ. ಆ ಮಕ್ಕಳಿಗೆ ಆಟದ ಒಳಗು, ಹೊರಗು ಎಂಬುದನ್ನು ವಿವರಿಸುವ ಅಗತ್ಯ ಬೀಳುವುದಿಲ್ಲ.

ನನಗೆ ನಿಜಕ್ಕೂ ಸಿಟ್ಟಿರುವುದು ಇಂಥ ಪ್ರಯೋಗಗಳ ಮೇಲಲ್ಲ, ಎಲ್‌ಇಡಿ ಗೋಡೆಯ ಮೇಲೆ. ಈಚೆಗೆ ರಂಗಪ್ರವೇಶವೆಂದರೆ ಹಿಂದೊಂದು ಎಲ್‌ಇಡಿ ಗೋಡೆ ಇರಲೇಬೇಕು. ಹುಡುಗಿ ಎರಡು ಕೈಯೆತ್ತಿ ಕೊಳಲು ಹಿಡಿಯುತ್ತಾಳೆ, ಹಿಂದೆ ಹತ್ತಡಿಯ ನವಿಲುಗರಿ ತೂಗುತ್ತದೆ. ಅವಳು ಯಮುನೆಯನ್ನು ಬೆರಳಲ್ಲಿ ಹರಿಸುತ್ತಾಳೆ, ಹಿಂದೆ ಯಾವುದೋ ದೇಶದ ನದಿ ಹರಿಯುತ್ತದೆ. ಅಭಿನಯ ಎಂದರೆ ಇಲ್ಲದ ಕೃಷ್ಣನನ್ನು ಖಾಲಿ ಜಾಗದಲ್ಲಿ ಕಾಣಿಸುವುದು. ಆ ಖಾಲಿ ಜಾಗವನ್ನೇ ಬಾಡಿಗೆಗೆ ತುಂಬಿಸಿದರೆ ಅವಳಿಗೆ ಉಳಿದ ಕೆಲಸವೇನು? ಹಿಮ್ಮೇಳದಲ್ಲಿರಬೇಕಾದದ್ದು ಮುಮ್ಮೇಳಕ್ಕೆ ನುಗ್ಗಿದೆ. ಒಂದು ಸಂಜೆ ನಾನು ಕಂಡದ್ದನ್ನು ಹೇಳುತ್ತೇನೆ, ಊರು ಸಂಸ್ಥೆ ಬೇಡ. ವರ್ಣದ ಮಧ್ಯೆ ಗೋಡೆ ಪೂರ್ತಿ ನೀಲಿಯಾಗಿ 'ನೋ ಸಿಗ್ನಲ್' ಎಂದು ಬರೆದುಕೊಂಡು ನಿಂತಿತು. ಯಾರೋ ಓಡಿ ಹೋಗಿ ಅದನ್ನು ಆರಿಸಿದರು. ಮೃದಂಗ ನಿಲ್ಲಲಿಲ್ಲ, ಹುಡುಗಿಯೂ ನಿಲ್ಲಲಿಲ್ಲ. ಉಳಿದ ಇಪ್ಪತ್ತು ನಿಮಿಷ ಸಭೆ ಅವಳ ಕಣ್ಣನ್ನು ನೋಡಿತು. ಕೊನೆಯಲ್ಲಿ ಅವಳ ತಂದೆ ಬಂದು ಗೋಡೆ ಕೆಟ್ಟದ್ದಕ್ಕೆ ಕ್ಷಮೆ ಕೇಳಿದರು!

ಪಾಲಾಳಿಯವರ ಗರಡಿಗೆ ಹಿಂತಿರುಗುತ್ತೇನೆ, ಯಾಕೆಂದರೆ ಅಲ್ಲಿ ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ್ದು ರಂಗದ ಮೇಲಿನ ಕೆಲಸವಲ್ಲ. 'ನಾಗರಿಕ' ಎಂಬ ಯೋಜನೆಯಲ್ಲಿ ಅವರು ಭರತನಾಟ್ಯ, ಕಳರಿಪಯಟ್ಟುಗಳ ಚಲನೆಯ ತತ್ವಗಳನ್ನು ಬಿಡಿಸಿ, ಡಿಜಿಟಲ್ ದಾಖಲೆಯಾಗಿ ಡಿ.ವಿ.ಡಿ.ಗೆ ಇಳಿಸಿದರು. ಪೂರ್ತಿ ಪ್ರದರ್ಶನವನ್ನು ಶೂಟ್ ಮಾಡಿ ಕಪಾಟಿಗೆ ಸೇರಿಸುವ ಕೆಲಸವಲ್ಲ ಅದು. ಭಾರ ಯಾವ ಕಾಲಿನಿಂದ ಯಾವ ಕಾಲಿಗೆ ದಾಟಿತು, ಬೆನ್ನೆಲುಬು ಎಲ್ಲಿ ತಿರುಗಿತು ಎಂಬ ವ್ಯಾಕರಣದ ಕೆಲಸ.

ಇದರ ಬೆಲೆ ತೆಲಂಗಾಣದಲ್ಲಿರುವ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ವರಂಗಲ್ಲಿನ ಆಚೆ ಪಾಲಂಪೇಟೆಯಲ್ಲಿ 1213ರ ರಾಮಪ್ಪ ಗುಡಿಯಿದೆ. ಗೋಡೆ ಕಂಬಗಳ ಮೇಲೆಲ್ಲ ಕುಣಿಯುವ ಮೈಗಳು. ಅದೇ ಶತಮಾನದಲ್ಲಿ ಕಾಕತೀಯರ ಗಜಸೇನಾಪತಿ ಜಾಯಪ 'ನೃತ್ತರತ್ನಾವಳಿ' ಬರೆದ. ಆನೆಪಡೆ ನಡೆಸುವವನು ನೃತ್ಯಶಾಸ್ತ್ರ ಬರೆದ ಕಾಲ ಅದು. ಆ ಪುಸ್ತಕವನ್ನೂ ಆ ಕಲ್ಲುಗಳನ್ನೂ ಎದುರಿಗಿಟ್ಟುಕೊಂಡು ನಟರಾಜ ರಾಮಕೃಷ್ಣ ಅವರು 20ನೆಯ ಶತಮಾನದಲ್ಲಿ ಪೇರಿಣಿ ನೃತ್ಯವನ್ನು ಮತ್ತೆ ಕಟ್ಟಿ ನಿಲ್ಲಿಸಿದರು. ಕಲ್ಲು ನಿಲುವನ್ನು ಹಿಡಿದಿತ್ತು. ಈ ನಿಲುವಿನಿಂದ ಆ ನಿಲುವಿಗೆ ಹೋಗುವ ದಾರಿಯನ್ನು ಹಿಡಿದಿರಲಿಲ್ಲ. ನಮ್ಮ ಬೇಲೂರಿನ ಮದನಿಕೆಯರ ಕಥೆಯೂ ಅದೇ, ಮುಂದಿನ ಹೆಜ್ಜೆ ಯಾವುದೆಂದು ಅವರು ಹೇಳುವುದಿಲ್ಲ. ಮೋಷನ್ ಕ್ಯಾಪ್ಚರ್ ಹಿಡಿಯುವುದು ಕಲ್ಲು ಬಿಟ್ಟ ಆ ನಡುವಿನ ದಾರಿಯನ್ನು. ಅದು ಕಣ್ಣನ್ನು ಬಿಡುತ್ತದೆ, ರಸವನ್ನು ಬಿಡುತ್ತದೆ, ಒಪ್ಪಿದೆ. ಆದರೆ ಎಂಟುನೂರು ವರ್ಷದ ನಂತರ ಯಾರೋ ಒಬ್ಬರು ಊಹಿಸಬೇಕಾದದ್ದು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಹೀಗೆ ಹಿಡಿದಿಡಬೇಕಾದದ್ದು ನಮ್ಮ ಕಡೆಯೂ ಇದೆ. 2025ರಲ್ಲಿ ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲು ಗೊಂಬೆಯಾಟದ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂತು. ತೊಂಬತ್ತು ದಾಟಿದ ಜೀವ. ಬಿಳಿ ಪರದೆ, ಹಿಂದೆ ದೀಪ, ನಡುವೆ ಬಣ್ಣದ ತೊಗಲು ಗೊಂಬೆ: ಪ್ರೊಜೆಕ್ಟರ್ ಎಂಬ ಮಾತು ಹುಟ್ಟುವ ಮೊದಲಿನಿಂದ ಇಂಥ ಕಲಾವಿದರ ಮನೆತನಗಳು ಅದನ್ನು ಮಾಡುತ್ತ ಬಂದಿವೆ. ಗೊಂಬೆಗಳನ್ನು ವಸ್ತುಸಂಗ್ರಹಾಲಯದಲ್ಲಿ ಇಡಬಹುದು. ಗೊಂಬೆ ಆಡಿಸುವ ಮಣಿಕಟ್ಟಿನ ತಿರುವನ್ನು ಎಲ್ಲಿಡುತ್ತೀರಿ? ದೊಡ್ಡಾಟದ ಹಳೆಯ ವೇಷಧಾರಿಗಳ ಕಾಲಿನ ನಡೆಯನ್ನು?

ಈ ಊರಿನಲ್ಲಿ ಯಂತ್ರಗಳಿಗೆ ಬರವಿಲ್ಲ. ತೆಲುಗು ಸಿನಿಮಾದ ರಾಕ್ಷಸರೂ ರಾಜರೂ ಹುಟ್ಟುವ ಗ್ರಾಫಿಕ್ಸ್ ಸ್ಟುಡಿಯೋಗಳು ಇಲ್ಲೇ ಇವೆ. ಸಾಹಿತ್ಯ ಮಂದಿರ, ನೃಪತುಂಗ ಶಾಲೆಗಳ ಈ ಕಾಚಿಗೂಡದ ಬೀದಿಗಳಲ್ಲಿ ಬೆಳೆದ ಎಷ್ಟೋ ಮಕ್ಕಳು ಈಗ ಹೈಟೆಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಬರೆಯುತ್ತಿದ್ದಾರೆ. ಕೆಲವರು ಇಲ್ಲಿ ಹಿಂದಿನ ಸಾಲಿನಲ್ಲಿ ಕೂತಿರುವುದು ನನಗೆ ಕಾಣುತ್ತಿದೆ. ನಿಮ್ಮನ್ನು ಕೇಳಿಕೊಳ್ಳುವುದು ಇಷ್ಟು. ವರ್ಷಕ್ಕೆ ಎರಡು ಭಾನುವಾರ ಕೊಡಿ. ಒಂದು ಆಳ ಅಳೆಯುವ ಕ್ಯಾಮೆರಾ, ಎರಡು ಸಾಮಾನ್ಯ ಕ್ಯಾಮೆರಾ, ಒಂದು ಲ್ಯಾಪ್‌ಟಾಪ್ ಸಾಕು. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಬಯಲಾಟದ, ತೊಗಲು ಗೊಂಬೆಯ ಹಿರಿಯರಲ್ಲಿಗೆ ಹೋಗಿ, ಮೊದಲು ಕೂತು ಒಂದು ರಾತ್ರಿ ಆಟ ನೋಡಿ, ಅವರ ಒಪ್ಪಿಗೆ ಕೇಳಿ, ಸಂಭಾವನೆ ಕೊಟ್ಟು, ಆಮೇಲೆ ಕ್ಯಾಮೆರಾ ತೆಗೆಯಿರಿ. ದಾಖಲೆಯ ಒಂದು ಪ್ರತಿ ಅವರ ಮನೆಯಲ್ಲೇ ಉಳಿಯಲಿ. ನನ್ನ ಇವತ್ತಿನ ಗೌರವಧನವನ್ನು ಮೊದಲ ಸಂಭಾವನೆಗೆಂದು ಸಂಘಟಕರ ಕೈಯಲ್ಲೇ ಬಿಟ್ಟು ಹೋಗುತ್ತಿದ್ದೇನೆ. ಬಾಗಿಲ ಬಳಿ ಚಹಾ ಇಟ್ಟಿರುವ ಮೇಜಿನ ಮೇಲೆ ಒಂದು ನೋಟ್‌ಬುಕ್ಕೂ ಇದೆ, ಬರುವವರು ಅದರಲ್ಲಿ ಹೆಸರು ಬರೆಯಿರಿ.